ಒಂದನೇ ನಂಬರಿನ ಚೀಲ

ಸಹನಾ, ಪ್ರಜ್ವಲ, ನಾನು ಮುಂಬೈಯಿಂದ ಬಂದ ದಿನ ನೀವು ನನ್ನ ಎರಡೂ ಮಗ್ಗುಲಿಗೆ ಕುಳಿತು "ಏನೇನ್ ನೋಡಿದಿ ಅಜ್ಜಿ, ಹೇಳು" ಎಂದು ಕಾಡಿದಿರಿ. "ಸಮುದ್ರ ನೋಡಿದೆ" ಎಂದೆ. "ಮತ್ತ?" ಎಂದಿರಿ. "ರೈಲು ನೋಡಿದೆ." ಅಲ್ಲಿಗೆ ನನ್ನ ಮಾತು ಮುಗಿಯಿತು. ನನಗೆ ಬಾಯಿಂದ ಹೇಳಲು ಬರುವುದಿಲ್ಲ, ನಿಮ್ಮ ಅಜ್ಜ ಇದ್ದಾಗಲೂ ಬರುತ್ತಿರಲಿಲ್ಲ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಮಾತ್ರ ಇನ್ನೂ ಕೈಯಲ್ಲಿದೆ. ಸಂಘದ ಠರಾವು ಬರೆಯುವ ಈ ಪುಸ್ತಕದ ಹಿಂದಿನ ಹಾಳೆಗಳು ಖಾಲಿ ಇದ್ದವು. ಅವುಗಳಲ್ಲಿ ಬರೆಯುತ್ತಿದ್ದೇನೆ.

ಪರದೇಶಕ್ಕೆ ಹೋದವಳು ನಾನಲ್ಲ. ಹೋದದ್ದು ನಮ್ಮ ಖಾರಪುಡಿ. ನಾನು ದೇಶದ ಅಂಚಿನ ತನಕ ಹೋಗಿ ಅದನ್ನು ಕಳಿಸಿ ಬಂದೆ. ಆದರೆ ಹುಬ್ಬಳ್ಳಿಯ ಆಚೆ ಕಾಲಿಡದ ನನಗೆ ಮುಂಬೈ ಪರದೇಶವೇ ಆಗಿತ್ತು. ಈಗಲೂ ಅಲ್ಲಿಗೆ ನಿಜವಾಗಿ ಹೋಗಿದ್ದೆನೋ, ಮಧ್ಯಾಹ್ನದ ನಿದ್ದೆಯಲ್ಲಿ ಕಂಡೆನೋ ಎಂದು ಒಮ್ಮೊಮ್ಮೆ ಅನುಮಾನವಾಗುತ್ತದೆ.

ನಮ್ಮ ಶೆಡ್ಡು

ಸಂಘದ ಹೆಂಗಸರು ಬ್ಯಾಡಗಿ ಮೆಣಸಿನಕಾಯಿಯ ಪುಡಿ ಮಾಡುವುದು ನಿಮಗೆ ಗೊತ್ತು. ತೊಟ್ಟು ಬಿಡಿಸುವಾಗ ಸೀನುತ್ತ ಓಡಿಹೋಗುವವರು ನೀವೇ. ಆ ಪುಡಿ ಮೊದಲ ಸಲ ಹಡಗಿನಲ್ಲಿ ಹೊರದೇಶಕ್ಕೆ ಹೊರಟಿತ್ತು. ನಲವತ್ತು ಚೀಲ. ಒಂದನೇ ನಂಬರಿನ ಚೀಲದ ಬಾಯಿ ಹೊಲಿಯುವ ಮುಂಚೆ ಸಂಘದ ಅಧ್ಯಕ್ಷೆ ಶಾಂತವ್ವ ಅರಿಶಿನ ಕುಂಕುಮದ ತಟ್ಟೆ ತಂದು ನನ್ನ ಕೈಗೆ ಕೊಟ್ಟಳು.

"ನೀಲಕ್ಕಾ, ಪೂಜಿ ನೀನ ಮಾಡು. ಪುಡಿ ಹದಾ ನಮಗೆಲ್ಲಾ ಕಲಿಸಿದಾಕಿ ನೀನು."

ನಿಮ್ಮ ಅಜ್ಜ ಹೋದ ಮೇಲೆ ನಾನು ಆ ತಟ್ಟೆ ಮುಟ್ಟಿರಲಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ, ತಗೋ ಎಂದು ಯಾರೂ ಕೊಟ್ಟಿರಲೂ ಇಲ್ಲ. ಗೋಡೆಗೆ ಒರಗಿದ್ದ ಕಲ್ಲವ್ವ "ಇಷ್ಟ ಮಂದ್ಯಾಗ ಮುತ್ತೈದೇರು ಸಿಗಲಿಲ್ಲೇನು" ಎಂದು ಸೆರಗಿನೊಳಗೇ ಅಂದಳು. ಶಾಂತವ್ವ ಕೇಳಿಸಿಕೊಳ್ಳದವಳಂತೆ ನಿಂತಳು. ನಾನು ಚೀಲಕ್ಕೆ ಅರಿಶಿನ ಕುಂಕುಮ ಹಚ್ಚಿದೆ. ಎಲ್ಲರೂ ಕೈಮುಗಿಯುವ ಹೊತ್ತಿಗೆ, ಯಾರೂ ನೋಡದ ಹಾಗೆ, ಚೀಲದ ಬಾಯೊಳಗೂ ಒಂದು ಚಿಟಿಕೆ ಕುಂಕುಮ ಬಿಟ್ಟೆ. ಮಗಳು ಗಂಡನ ಮನೆಗೆ ಹೊರಟಾಗ ಉಡಿ ತುಂಬುತ್ತೇವಲ್ಲ, ಹಾಗೆ. ಇಷ್ಟು ದೂರ ಹೋಗುವವಳನ್ನು ಬರಿ ಉಡಿಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಕೆಂಪಿನ ಮೇಲೆ ಕೆಂಪು ಬಿತ್ತು, ಕಾಣಲಿಲ್ಲ.

ಕೆಲವು ದಿನಗಳ ಮೇಲೆ ಬಸು ಫೋನು ಮಾಡಿದ. ಬಸು ನನ್ನ ತಂಗಿಯ ಮಗ. ಬಂದರಿಗೆ ಬಂದ ಮಾಲಿನ ಕಾಗದಪತ್ರ ಮಾಡಿಸಿಕೊಡುವ ಕಂಪನಿಯಲ್ಲಿ ಮುಂಬೈಯಲ್ಲಿ ಕೆಲಸಕ್ಕಿದ್ದಾನೆ. ಹಡಗು ಹತ್ತುವ ಮುಂಚೆ ಕಸ್ಟಮ್ಸಿನವರು ಮಾಲಿನ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುತ್ತಾರಂತೆ. ಲ್ಯಾಬಿನ ಉತ್ತರ ಬಂದಿತ್ತು: ನಮ್ಮ ಪುಡಿಯಲ್ಲಿ ತಿನ್ನಬಾರದ ಬಣ್ಣ ಇದೆ. ಶನಿವಾರದೊಳಗೆ ಇದು ಬಗೆಹರಿಯದಿದ್ದರೆ ಹಡಗು ನಮ್ಮನ್ನು ಬಿಟ್ಟು ಹೋಗುತ್ತದೆ. ನಲವತ್ತೂ ಚೀಲ ಸುಟ್ಟುಹಾಕಬೇಕಾಗಬಹುದು. ಸಂಘದವರೊಬ್ಬರು ಬಂದು ತಕರಾರು ಅರ್ಜಿಗೆ ಸಹಿ ಮಾಡಬೇಕು.

ಶೆಡ್ಡಿನಲ್ಲಿ ಎಲ್ಲರೂ ಒಮ್ಮೆಲೇ ಮಾತಾಡಿದರು. "ಬ್ಯಾಡಗಿ ಕಾಯಿಗೆ ಬಣ್ಣಾ ಹಾಕ್ತಾರೇನು? ಅದರ ಬಣ್ಣಾನ ಮಂದಿ ಕೇಳಕೊಂಡು ಬರ್ತಾರ!" ನಾನೊಬ್ಬಳೇ ಸುಮ್ಮನಿದ್ದೆ. ಫೋನಿನಲ್ಲಿ 'ಬಣ್ಣ' ಎಂಬ ಮಾತು ಬಿದ್ದ ಕೂಡಲೇ ನನಗೆ ಗೊತ್ತಾಗಿತ್ತು. ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಕುಂಕುಮದಲ್ಲಿ ಬಣ್ಣ ಇತ್ತು ಎಂದು ಯಾರೂ ಅನ್ನುವುದಿಲ್ಲ. ರಂಡಿಮುಂಡಿ ಕೈ ಹಚ್ಚಿದಳು, ಮಾಲು ತಿರುಗಿ ಬಂತು ಎನ್ನುತ್ತಾರೆ. ಆ ಮಾತು ನನಗೊಬ್ಬಳಿಗೇ ನಿಲ್ಲುವುದಿಲ್ಲ. ಊರಲ್ಲಿ ನನ್ನಂಥವರು ಇನ್ನೂ ಇದ್ದಾರೆ, ಚಿಕ್ಕ ವಯಸ್ಸಿನವರೂ ಇದ್ದಾರೆ. ಅವರ ಕೈಗೆ ಇನ್ನೆಂದೂ ತಟ್ಟೆ ಬರುವುದಿಲ್ಲ.

"ನಾ ಹೊಕ್ಕೇನಿ" ಎಂದೆ.

ಶಾಂತವ್ವ ಬಾಯಿ ತೆರೆದು ನನ್ನನ್ನೇ ನೋಡಿದಳು. "ಬ್ಯಾಡಗಿ ಪ್ಯಾಟ್ಯಾಗ ಬಸ್ಸಿನ ಹೆಸರು ಕೇಳಾಕ ನಾಚತಿ. ಮುಂಬೈಗೆ ಹೊಕ್ಕಿ?"

ಘಟ್ಟದ ಸುರಂಗಗಳು

ಬೆಳಗಾಗುವಾಗ ರೈಲು ಘಟ್ಟ ಇಳಿಯುತ್ತಿತ್ತು. ಕಿಟಕಿಯ ಹೊರಗೆ ಮಂಜು ಬಿಟ್ಟು ಬೇರೇನೂ ಇರಲಿಲ್ಲ. ಆ ಮಂಜಿನಲ್ಲಿ ಒಮ್ಮೊಮ್ಮೆ ಒಂದು ಮರದ ತಲೆ ತೇಲಿ ಬಂದು ಹೋಗುತ್ತಿತ್ತು, ನೀರಿನಲ್ಲಿ ಸೊಪ್ಪು ತೇಲಿದ ಹಾಗೆ. ರೈಲು ಸುರಂಗ ಹೊಕ್ಕಾಗ ಎಲ್ಲ ಕಪ್ಪಾಗಿ ಗದ್ದಲವಾಗುತ್ತಿತ್ತು. ಆಗ ನಾನು ಮೆಲ್ಲಗೆ "ಕುಂಕುಮ ಹಾಕಿದಾಕಿ ನಾನ" ಎಂದು ಅಂದು ನೋಡುತ್ತಿದ್ದೆ. ಯಾರಿಗೂ ಕೇಳುತ್ತಿರಲಿಲ್ಲ. ಸುರಂಗ ಮುಗಿದು ಬೆಳಕು ಬಂದರೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಎಷ್ಟು ಸುರಂಗ ಬಂದವೋ, ಅಷ್ಟು ಸಲ ಒಪ್ಪಿಕೊಂಡೆ. ಘಟ್ಟ ಇಳಿದು ಬಯಲು ಬಂದಾಗ ಒಂದು ಸಲವೂ ಒಪ್ಪಿಕೊಳ್ಳದವಳಾಗಿ ಕುಳಿತಿದ್ದೆ.

ದಾದರ್

ದಾದರಿನಲ್ಲಿ ಬಸುವಿನ ಹೆಂಡತಿ ಗಿರಿಜಾ ನನ್ನನ್ನು ಕರೆದೊಯ್ಯಲು ಬಂದಿದ್ದಳು. ಅವಳ ತವರಿನವರು ಬೆಳಗಾವಿ ಕಡೆಯವರು, ಅವಳು ಹುಟ್ಟಿದ್ದು ಬೆಳೆದದ್ದು ಮುಂಬೈಯಲ್ಲೇ. ಕನ್ನಡ ತಿಳಿಯುತ್ತದೆ, ಮಾತಾಡುವಾಗ ಮಾತ್ರ ಒಂದೊಂದು ಮಾತಿಗೆ ನಿಂತು ಹುಡುಕುತ್ತಾಳೆ. ನನಗೆ ಅದು ಒಳ್ಳೆಯದೇ ಆಯಿತು. ನಾನೂ ಹುಡುಕುವವಳೇ.

ಸ್ಟೇಷನ್ನಿನ ಸೇತುವೆ ಹತ್ತುವಾಗ ಒಂದು ಎಡವಟ್ಟಾಯಿತು. ಅಲ್ಲಿ ನಾವು ನಡೆಯುವುದಿಲ್ಲ ಮಕ್ಕಳೇ, ಜನ ನಮ್ಮನ್ನು ನಡೆಸುತ್ತಾರೆ. ಹಿಂದಿನವರ ಒತ್ತಡಕ್ಕೆ ನನ್ನ ಕೈಚೀಲದಲ್ಲಿ ಗಿರಿಜಾಗೆಂದು ತಂದ ಖಾರಪುಡಿಯ ಪೊಟ್ಟಣ ಒಡೆಯಿತು. ಮೊದಲು ಒಬ್ಬ ಸೀನಿದ. ಆಮೇಲೆ ಅವನ ಹಿಂದಿನವ. ಆಮೇಲೆ ಸೇತುವೆಯ ಅರ್ಧ ಮಂದಿ. ಯಾರಿಗೂ ನಿಲ್ಲದ ಆ ಜನ ಎರಡೂ ಕಡೆ ಸರಿದು ನಮಗೆ ದಾರಿ ಬಿಟ್ಟರು. ಗಿರಿಜಾ ಕಣ್ಣೀರು ಒರೆಸಿಕೊಳ್ಳುತ್ತ ನಕ್ಕಳು.

"ಅತ್ತೀ, ಇಷ್ಟ ವರ್ಷದಾಗ ದಾದರ್ ನನಗ ರಸ್ತಾ ಕೊಟ್ಟಿರಲಿಲ್ಲ. ರೋಜ್ ಬರ್ರಿ ನನ್ನ ಜೋಡಿ."

ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಒಂದು ಪದ್ಧತಿ ಇದೆ. ಕುಳಿತವಳನ್ನು ನಿಂತವಳು "ಎಲ್ಲಿ ಇಳಿತೀರಿ" ಎಂದು ಕೇಳಿ, ಆ ಜಾಗವನ್ನು ತನಗೆ ಹಿಡಿದಿಡುತ್ತಾಳೆ. ಗಿರಿಜಾ ಹೇಗೋ ನನಗೊಂದು ಜಾಗ ಮಾಡಿಕೊಟ್ಟು ದೂರ ನಿಂತಿದ್ದಳು. ಒಬ್ಬ ಹೆಂಗಸು ಬಂದು ಹಿಂದಿಯಲ್ಲಿ ಕೇಳಿದಳು. ನಾನು ಗಾಬರಿಯಿಂದ "ಹಾವೇರಿ" ಎಂದೆ. ಅವಳು ಬಹಳ ಹೊತ್ತು ಯೋಚಿಸಿ, ಅಂಥ ಸ್ಟೇಷನ್ ಈ ಲೈನಿನಲ್ಲಿ ಎಲ್ಲಿದೆ ಎಂದು ಪಕ್ಕದವಳನ್ನು ಕೇಳಿದಳು. ಅವಳು ಇನ್ನೊಬ್ಬಳನ್ನು ಕೇಳಿದಳು. ಯಾರಿಗೂ ಗೊತ್ತಾಗದಿದ್ದರೂ ಎಲ್ಲರೂ ನನ್ನನ್ನು ನೋಡಿ ನಕ್ಕು ತಲೆಯಾಡಿಸಿದರು. ಎದುರಿನವಳು ಹಸಿ ಬಟಾಣಿ ಸುಲಿಯುತ್ತಿದ್ದಳು. ಒಂದು ಹಿಡಿ ತೆಗೆದು ನನ್ನ ಮಡಿಲಿಗೆ ಹಾಕಿದಳು. ತಿನ್ನಲು ಕೊಟ್ಟಳೋ ಸುಲಿಯಲು ಕೊಟ್ಟಳೋ ತಿಳಿಯದೆ ನಾನೂ ಸುಲಿದೆ. ಒಂದೂ ಮಾತಿಲ್ಲದೆ ಇಬ್ಬರೂ ಸುಲಿದು ಮುಗಿಸಿದೆವು. ಇಳಿಯುವಾಗ ಅವಳು ನನ್ನ ಕಾಳನ್ನು ತನ್ನ ಡಬ್ಬಿಗೆ ಸುರಿದುಕೊಂಡು, ನನ್ನ ಗಲ್ಲ ಮುಟ್ಟಿ ಹೋದಳು. ಆ ಊರಿನಲ್ಲಿ ನಾನು ಮಾಡಿದ ಮೊದಲ ಗೆಳೆತನ ಅದು.

ಗೋರೆಗಾಂವ್

ಬಸುವಿನ ಮನೆ ಗೋರೆಗಾಂವಿನಲ್ಲಿ, ಹನ್ನೊಂದನೆಯ ಮಾಳಿಗೆಯಲ್ಲಿ. ನಮ್ಮೂರಲ್ಲಿ ಹದ್ದನ್ನು ನೋಡಲು ತಲೆ ಎತ್ತುತ್ತೇವೆ. ಅಲ್ಲಿ ತಲೆ ಬಗ್ಗಿಸಿ ನೋಡಬೇಕು, ಅವು ಕಿಟಕಿಯ ಕೆಳಗೆ ಸುತ್ತುತ್ತಿರುತ್ತವೆ. ಬೆನ್ನಿನ ಕಡೆಯಿಂದ ಹದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕಂದು ಬಣ್ಣದ ಶಾಲು ಗಾಳಿಯಲ್ಲಿ ಹಾಸಿದ ಹಾಗೆ ಇರುತ್ತದೆ. ನೋಡುತ್ತ ನೋಡುತ್ತ ಯಾವುದು ಮೇಲೆ, ಯಾವುದು ಕೆಳಗೆ ಎಂಬುದೇ ಮರೆತು ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ಸಂಜೆ ಬಸು ಬಂದ. ಚಹಾ ಕುಡಿಯುತ್ತ ಎಲ್ಲ ಬಿಡಿಸಿ ಹೇಳಿದ.

"ಮೊದಲ ಆಗಿದ್ರ ಸ್ಯಾಂಪಲ್ ಪೊಟ್ಟಣಕ್ಕ ಅರಗು ಬಡದು, ಕಾಗದ ಕಟ್ಟಿ, ಮನಶ್ಯಾನ ಕೈಯಾಗ ಕಳಸ್ತಿದ್ರು ದೊಡ್ಡವ್ವ. ಕಾಗದ ಒಂದ್ ಟೇಬಲ್ಲಿನಿಂದ ಇನ್ನೊಂದ್ ಟೇಬಲ್ಲಿಗೆ ಹೋಗೂದ್ರಾಗ ಹಡಗು ಹೋಗಿ ತಿರುಗಿ ಬರ್ತಿತ್ತು. ಈಗ ಎಲ್ಲಾ ಕಂಪ್ಯೂಟರ್. ಪೊಟ್ಟಣದ ಮ್ಯಾಲೆ ಬರೇ ಒಂದು ಗೆರಿ ಚೀಟಿ, ಬಾರ್‌ಕೋಡ್. ಪರೀಕ್ಷಾ ಮಾಡಾವರಿಗೆ ಮಾಲು ಯಾರದು ಅಂತ ಸೈತ ಗೊತ್ತಾಗೂದಿಲ್ಲ. ಅವರು ಬರದ ಕೂಡ್ಲೆ ಉತ್ತರ ನನ್ನ ಫೋನಿಗೆ ಬರ್ತತಿ."

ನನಗೆ ನಮ್ಮ ಹಾಲಿನ ಡೈರಿಯ ನೆನಪಾಯಿತು. ಮೊದಲು ಅಲ್ಲಿಯವನು ಹಾಲಿನಲ್ಲಿ ಗಾಜಿನ ಕಡ್ಡಿ ಮುಳುಗಿಸಿ, ಕಡ್ಡಿಯನ್ನೊಮ್ಮೆ, ತಂದವಳ ಮುಖವನ್ನೊಮ್ಮೆ ನೋಡಿ ಆಮೇಲೆ ಬರೆಯುತ್ತಿದ್ದ. ಈಗ ಮಷಿನ್ ಬಂದಿದೆ. ಅದು ಮುಖ ನೋಡುವುದಿಲ್ಲ. ಅದು ಬಂದಾಗ ಸಂತೋಷಪಟ್ಟವಳು ನಾನೇ.

"ಯಾವ ಚೀಲದಿಂದ ತಗದಿದ್ರೋ?" ಎಂದೆ.

"ಅದನ್ನೂ ಕಂಪ್ಯೂಟರ ಆರಿಸ್ತತಿ. ಒಂದು, ಹದಿನೇಳು, ಮೂವತ್ತು. ಮೂರೂ ಕೂಡಿಸಿ ಒಂದ ಪೊಟ್ಟಣ. ಅಂಥಾದ್ದ ಇನ್ನೊಂದು ಪೊಟ್ಟಣ ಕಪಾಟಿನಾಗ ಇಟ್ಟಿರ್ತಾರ. ಅದನ್ನ ಮತ್ತೊಮ್ಮೆ ನೋಡ್ರಿ ಅಂತ ನಾಳೆ ಅರ್ಜಿ ಹಾಕೂಣು."

ಚಹಾದ ಬಟ್ಟಲು ಕೆಳಗಿಟ್ಟೆ. ಇಟ್ಟುಕೊಂಡ ಪೊಟ್ಟಣದಲ್ಲಿಯೂ ಒಂದನೇ ಚೀಲದ ಪುಡಿಯೇ ಇದೆ. ಎರಡನೇ ಸಲವೂ ಅದೇ ಉತ್ತರ ಬರುತ್ತದೆ. ಆಮೇಲೆ ಕೇಳಲು ದಾರಿಯೇ ಇಲ್ಲ.

"ಬಣ್ಣ ಹ್ಯಾಂಗ ಬಂತು ಅಂತ ಕೇಳಿದ್ರ?" ಎಂದು ಗಿರಿಜಾ ಒಳಗಿನಿಂದ ಕೇಳಿದಳು.

"ಗಿರಣ್ಯಾಗ ಕೂಡಿರಬೇಕು ಅಂತ ಬರಿಯೋದು. ಮಕ್ತುಮಸಾಬ ಬ್ಯಾರೆದೋರದೂ ಬೀಸ್ತಾನಲ್ಲ."

ಮಕ್ತುಮಸಾಬ ನಿಮಗೆ ಗೊತ್ತಲ್ಲ, ನಮ್ಮ ಗಿರಣಿಯವ. ನಮ್ಮ ಮಾಲು ಬೀಸುವ ಮುಂಚೆ ಯಂತ್ರ ಬಿಚ್ಚಿ, ಮೂರು ಸಲ ತೊಳೆದು, ಬಿಸಿಲಿಗೆ ಒಣಗಿಸಿ, "ಬರ್ರಿ ಅಕ್ಕಾರ, ಕೈ ಆಡಿಸಿ ನೋಡ್ರಿ" ಎಂದು ಕರೆದವನು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹದ್ದುಗಳು ಹೋಗಿದ್ದವು. ಕಿಟಕಿಯ ಕೆಳಗೆ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು, ಆಕಾಶ ತಲೆಕೆಳಗಾದ ಹಾಗೆ.

ಪರೇಲ್

ಲ್ಯಾಬು ಪರೇಲಿನಲ್ಲಿತ್ತು. ಹಿಂದೆ ಅಲ್ಲಿ ಬಟ್ಟೆಯ ಗಿರಣಿ ಇತ್ತಂತೆ. ಎತ್ತರದ ಹೊಗೆಗೂಡು ಇನ್ನೂ ನಿಂತಿದೆ, ಅದರ ಬುಡದಲ್ಲಿ ಗಾಜಿನ ಆಫೀಸುಗಳು ಬಂದಿವೆ. ಹೋಗುವ ಮುಂಚೆ ಉಡುಪಿ ಕಡೆಯವರ ಹೋಟೆಲಿನಲ್ಲಿ ತಿಂಡಿಗೆ ಕುಳಿತೆವು. ದುಡ್ಡಿನ ಗಲ್ಲೆಯ ಮೇಲಿದ್ದ ಹಿರಿಯರು ನಮ್ಮ ಮಾತು ಕೇಳಿ ಎದ್ದು ಬಂದರು.

"ಎಂತ ಅಮ್ಮ, ಬರೀ ಚಾ ಕುಡೀತೀರಿ? ಇಡ್ಲಿ ಬಿಸಿ ಉಂಟು."

"ಒಲ್ಲೆನ್ರಿ" ಎಂದೆ.

"ಒಲ್ಲೆ ಅಂದ್ರೆ ಬೇಡ ಅಂತಲಾ? ಪಾಪ, ಊರು ಬಿಟ್ಟು ಬಂದವರು ಹಾಗೆಲ್ಲ ಬೇಡ ಹೇಳ್ಬಾರ್ದು" ಎಂದು ಎರಡು ಇಡ್ಲಿ ಇಟ್ಟೇ ಹೋದರು. ಅವರದೂ ಕನ್ನಡ, ನನ್ನದೂ ಕನ್ನಡ. ಆದರೂ ಇಬ್ಬರೂ ಒಬ್ಬರ ಬಾಯಿ ಒಬ್ಬರು ನೋಡುತ್ತ ಮಾತಾಡಿದೆವು.

ಲ್ಯಾಬಿನಲ್ಲಿ ಬಾಟಲಿ, ಒಲೆ ಇರುತ್ತವೆ ಎಂದುಕೊಂಡಿದ್ದೆ. ಅವು ಒಳಗೆಲ್ಲೋ ಇದ್ದವು. ನಮ್ಮನ್ನು ಕೂರಿಸಿದ ಕೋಣೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಎಲ್ಲಿಂದಲೋ ಬರುವ ತಣ್ಣನೆ ಗಾಳಿ. ಒಂದು ತುಂಡು ಕಾಗದವೂ ಇರಲಿಲ್ಲ. ಬಸು ಕಂಪ್ಯೂಟರಿನ ಮುಂದೆ ಕುಳಿತು ಅರ್ಜಿ ತುಂಬತೊಡಗಿದ. 'ಕಾರಣ' ಎಂಬಲ್ಲಿ ಒತ್ತಿದರೆ ಒಂದು ಪಟ್ಟಿ ತಾನಾಗಿ ಕೆಳಗಿಳಿಯುತ್ತದೆ. ಅದರಲ್ಲಿ ಒಂದನ್ನು ಆರಿಸಬೇಕು. ಬಸು ನನಗಾಗಿ ಓದಿದ: ಚೀಲ ಒದ್ದೆಯಾಗಿತ್ತು, ಮೊಹರು ಒಡೆದಿತ್ತು, ಚೀಟಿ ಬದಲಾಗಿತ್ತು, ಬೀಸುವಾಗ ಬೇರೆ ವಸ್ತು ಬೆರೆತಿತ್ತು, ಇತರೆ.

"ಬೀಸುವಾಗ" ಎಂಬುದರ ಮೇಲೆ ಅವನ ಬೆರಳು ಹೋಯಿತು.

ಅವನ ಅಂಗಿಯ ತೋಳು ಹಿಡಿದೆ.

"ಏನ್ ದೊಡ್ಡವ್ವ?"

ಕೈಚೀಲದಿಂದ ಹಾಳೆ, ಪೆನ್ನು ತೆಗೆದೆ. ಬರೆಯುವುದು ನನಗೆ ಬರುತ್ತದೆ. ಬರೆದು ಅವನ ಮುಂದೆ ಇಟ್ಟೆ. ಅವನು ಓದಿದ, ಮತ್ತೊಮ್ಮೆ ಓದಿದ, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಹುಚ್ಚಿ ಅದಿಯೇನು ನೀನು? ತಿನ್ನೂ ಮಾಲಿನ್ಯಾಗ ನಾವ ಕೈಯಾರೆ ಹಾಕೀವಿ ಅಂತ ಬರದು ಕೊಡೂದು? ಸಂಘದ ಹೆಸರಿಗೆ ಕಾಯಂ ಗುರುತು ಬೀಳ್ತತಿ. ಹರಿದು ಒಗಿ ಅದನ್ನ."

"ಮಕ್ತುಮಸಾಬ ಹಾಕಿಲ್ಲ" ಎಂದೆ.

"ಅಂವ ಇಲ್ಲಿ ಯಾಕ ಬರ್ತಾನ ಕೇಳಾಕ?"

"ನಾ ಬಂದೇನಿ."

ಅಷ್ಟು ದೊಡ್ಡ ಮಾತು ನನ್ನ ಬಾಯಿಂದ ಹೇಗೆ ಬಂತೋ! ಬಸು 'ಇತರೆ' ಒತ್ತಿ, ನನ್ನ ಹಾಳೆಯ ಫೋಟೋ ತೆಗೆದು ಅರ್ಜಿಗೆ ಸೇರಿಸಿದ. ಹಾಳೆ ತಿರುಗಿ ನನ್ನ ಕೈಗೆ ಬಂತು. ಆದರೂ ಅದು ಹೋಗಿಯಾಗಿತ್ತು.

ನಮ್ಮನ್ನು ವಿಚಾರಿಸಲು ಬಂದ ಮೇಡಂ ನಡುವಯಸ್ಸಿನವರು, ಸೋಲಾಪುರ ಕಡೆಯವರು. ಅಜ್ಜಿಯಿಂದ ಕಲಿತ ಕನ್ನಡ ಮಾತಾಡಿದರು. ಫೋಟೋ ತೆರೆದು ಕಣ್ಣು ಕಿರಿದು ಮಾಡಿದರು.

"ಮಾತು ಬರ್ತದ, ಅಕ್ಷರ ಬರೂದಿಲ್ಲ ನನಗ. ನೀವೇ ಓದ್ರಿ ಅಜ್ಜಿ."

ಬರೆದು ಪಾರಾದೆ ಎಂದುಕೊಂಡವಳು ಎದ್ದು ನಿಂತು ಓದಬೇಕಾಯಿತು, ಶಾಲೆಯಲ್ಲಿ ಗುರುಗಳ ಮುಂದೆ ಓದಿದ ಹಾಗೆ. "ಒಂದನೇ ನಂಬರಿನ ಚೀಲದೊಳಗೆ ಕುಂಕುಮ ಹಾಕಿದವಳು ನಾನು. ಉಡಿ ತುಂಬಿದೆ. ಸಂಘದವರಿಗೆ ಇದು ಗೊತ್ತಿಲ್ಲ. ಗಿರಣಿಯವರ ತಪ್ಪಿಲ್ಲ. ಉಳಿದ ಚೀಲಗಳಿಗೆ ಏನೂ ಹಾಕಿಲ್ಲ. ಅವನ್ನು ಬೇರೆ ತೆಗೆದು ನೋಡಬೇಕು." ಬೆರಳಿಟ್ಟು ಒಂದೊಂದೇ ಮಾತು ಓದಿದೆ. ಮೇಡಂ ಅವಸರ ಮಾಡಲಿಲ್ಲ.

"ಕುಂಕುಮ ಮನಿಯಾಗ ಮಾಡಿದ್ದಾ, ಸಂತಿದಾ?"

"ಸಂತೀದ್ರಿ."

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಒಂದು ಗೆರೆ ನೆಲದ ಹಾಗೆ ಉದ್ದಕ್ಕೆ ಹೋಗಿ, ಒಂದು ಕಡೆ ಮೇಲೆದ್ದು, ಮತ್ತೆ ನೆಲಕ್ಕೆ ಇಳಿದಿತ್ತು. ಬಯಲಿನಲ್ಲಿ ಒಂದೇ ಗುಡ್ಡ ಇದ್ದ ಹಾಗೆ.

"ಇದು ಬಟ್ಟಿಗೆ ಹಾಕೂ ಬಣ್ಣ. ಈಗಿನ ಸಂತಿ ಕುಂಕುಮದಾಗ ಇರ್ತದ. ಬಣ್ಣ ಬೆರಸಾವರು ಇಷ್ಟ ಸಣ್ಣದು ಹಾಕೂದಿಲ್ಲ, ಎಲ್ಲಿಂದ ಬಂತು ಅಂತ ನಮಗೂ ವಿಚಾರ ಇತ್ತು. ಈ ಗುಡ್ಡ ನಿಮ್ಮ ಚಿಟಿಕಿ, ಅಜ್ಜಿ."

ನನ್ನ ಚಿಟಿಕೆ ಅಷ್ಟು ದೂರದ ಗಾಜಿನೊಳಗೆ ಗುಡ್ಡವಾಗಿ ನಿಂತಿತ್ತು. ಬೆರಳಿನಿಂದ ಅದರ ತುದಿಯನ್ನು ಮುಟ್ಟಿ ಕೇಳಿದೆ, "ಇದರಾಗ ಹಾಕಿದ ಕೈ ಎಂಥಾದ್ದು ಅಂತ ಕಾಣ್ತದೇನ್ರಿ?"

ಮೇಡಂ ನನ್ನ ಬೋಳು ಹಣೆ ನೋಡಿದರು. ಅರ್ಥವಾಯಿತೆಂದು ಕಾಣುತ್ತದೆ.

"ಇಲ್ಲ. ಯಾರು ಹಾಕಿದ್ರೂ ಗುಡ್ಡ ಇಷ್ಟೇ ಎತ್ತರ ಬರ್ತದ."

ಆಮೇಲೆ ಅವರು ಮೆತ್ತಗಾಗಲಿಲ್ಲ. ಹೊಸ ಸ್ಯಾಂಪಲ್ ತೆಗೆಯಲು ಒಪ್ಪಿದರು, ಆದರೆ ಒಂದನೇ ಚೀಲ ಹಡಗು ಹತ್ತುವುದಿಲ್ಲ ಎಂದರು. ಮುಂದೆ ಒಂದು ವರ್ಷ ನಮ್ಮ ಪ್ರತಿ ಮಾಲಿನಿಂದಲೂ ಸ್ಯಾಂಪಲ್ ತೆಗೆಯಬೇಕೆಂದು ಕಂಪ್ಯೂಟರು ಗುರುತು ಹಾಕಿಕೊಳ್ಳುತ್ತದಂತೆ. "ಅದು ಕರುಣಾ ಕಲ್ತಿಲ್ಲ" ಎಂದು ಎದ್ದರು.

ಬಂದರಿನ ಗೋದಾಮು

ಮರುದಿನ ಗೋದಾಮಿನಲ್ಲಿ ನಮ್ಮ ಚೀಲಗಳನ್ನು ಕಂಡೆ. ಸಾಬೂನು, ಬಟ್ಟೆ, ಏನೇನೋ ಪೆಟ್ಟಿಗೆಗಳ ಬೆಟ್ಟದ ನಡುವೆ ನಲವತ್ತು ಚೀಲ ಒಂದು ಮೂಲೆಯಲ್ಲಿ ಒತ್ತಾಗಿ ಕುಳಿತಿದ್ದವು, ಬೀಗರ ಮನೆಯ ಪಡಸಾಲೆಯಲ್ಲಿ ನಮ್ಮೂರ ಹೆಂಗಸರು ಕುಳಿತ ಹಾಗೆ. ಹತ್ತಿರ ಹೋದಾಗ ನಮ್ಮ ಶೆಡ್ಡಿನ ವಾಸನೆ ಬಂತು. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದು ಬಸುವಿಗೆ ಹೇಳಿದೆ.

ಈ ಸಲ ಕಂಪ್ಯೂಟರು ಬೇರೆ ನಂಬರುಗಳನ್ನು ಕೊಟ್ಟಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಅಧಿಕಾರಿ ಉದ್ದದ ಕೊಳವೆಯನ್ನು ಚೀಲದ ಹೊಟ್ಟೆಗೆ ಇಳಿಸಿ ಪುಡಿ ತೆಗೆದರು, ಫೋನಿನಿಂದ ಫೋಟೋ ಹೊಡೆದರು, ಗೆರೆಚೀಟಿ ಅಂಟಿಸಿದರು. ಒಂದೊಂದು ಚೀಲದ್ದು ಒಂದೊಂದು ಪೊಟ್ಟಣ. ಯಾರೂ ಯಾರಿಗೂ ಒಂದು ಮಾತು ಹೇಳಲಿಲ್ಲ. ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ ಎನಿಸಿತು. ಒಂದನೇ ಚೀಲವನ್ನು ಎಳೆದು ಬೇರೆ ಮೂಲೆಗೆ ನಿಲ್ಲಿಸಿದರು. ಅದರ ಮೇಲೆ ನಾನು ಹಚ್ಚಿದ್ದ ಅರಿಶಿನ ಹಾಗೇ ಇತ್ತು.

ಶಿವ್ಡಿಯ ಕೆಸರು

ಉತ್ತರ ಬರುವ ತನಕ ಮಾಡಲು ಏನೂ ಇರಲಿಲ್ಲ. ಶುಕ್ರವಾರ ಗಿರಿಜಾ ನನ್ನನ್ನು ಶಿವ್ಡಿಯ ದಂಡೆಗೆ ಕರೆದೊಯ್ದಳು. ಸಮುದ್ರ ನೋಡಿದೆ ಎಂದೆನಲ್ಲ, ಅದು ಅಲ್ಲಿ. ಆದರೆ ನಾವು ಹೋದಾಗ ಸಮುದ್ರ ಇರಲಿಲ್ಲ. ಇಳಿತ ಅಂತೆ. ನೀರು ಹಿಂದೆ ಸರಿದು ಕಣ್ಣು ಹೋದಷ್ಟು ದೂರ ಕೆಸರು ಹೊಳೆಯುತ್ತಿತ್ತು. ಆ ಕೆಸರಿನ ಮೇಲೆ ಗುಲಾಬಿ ಬಣ್ಣದ ಹಕ್ಕಿಗಳು ನಿಂತಿದ್ದವು. ಹತ್ತಲ್ಲ, ನೂರಲ್ಲ. ನೀಳ ಕಾಲು, ನೀಳ ಕತ್ತು, ತಲೆ ಕೆಳಗೆ ಮಾಡಿ ಏನನ್ನೋ ಹೆಕ್ಕುತ್ತಿದ್ದವು. ಬಿಸಿಲಿನ ಮಬ್ಬಿನಲ್ಲಿ ಕಾಲುಗಳು ಕಾಣದೆ ಬರಿ ಬಣ್ಣ ತೇಲುತ್ತಿತ್ತು. ಹಿಂದೆ ಹಡಗುಗಳು ನಿಂತಿದ್ದವು. ಅವೂ ನೀರಿನಲ್ಲಿಲ್ಲ, ಗಾಳಿಯಲ್ಲಿದ್ದವು.

"ಅತ್ತೀ, ಇವುಕ್ಕ ಆ ಕಲರ್ ತಿಂದಿದ್ರಿಂದ ಬರ್ತದ. ಕೆಸರಿನ್ಯಾಗ ಏನೋ ಇರ್ತದ, ಅದನ್ನ ತಿಂತಾವ" ಎಂದಳು ಗಿರಿಜಾ. ಆಮೇಲೆ ನನ್ನ ಮುಖ ನೋಡಿ, "ಲ್ಯಾಬಿಗೆ ಕಳಿಸಿದ್ರ ಎಲ್ಲಾ ಫೇಲ್!" ಎಂದಳು.

ಅಷ್ಟು ದಿನದಲ್ಲಿ ಅಲ್ಲಿ ಮೊದಲ ಸಲ ನಕ್ಕೆ. ಗಿರಿಜಾ ಮಾತ್ರ ನಗು ನಿಲ್ಲಿಸಿ ಕೇಳಿದಳು:

"ಊರಿನ್ಯಾಗ ಹೇಳತೀರಿ ಏನು? ಬೇಕಾಗಿಲ್ಲ, ಅತ್ತೀ. ಇಲ್ಲಿ ಹೇಳೀರಿ, ಬಸ್. ಒಂದ ಚೀಲ ಹರೀತು ಅನ್ರಿ. ಯಾರಿಗ ಗೊತ್ತಾಗ್ತದ?"

ಅದನ್ನೇ ನಾನೂ ಯೋಚಿಸುತ್ತಿದ್ದೆ. ನೀರು ತಿರುಗಿ ಬರತೊಡಗಿತ್ತು. ಎಲ್ಲಿಂದ ಬಂತು ಎಂದು ತಿಳಿಯದ ಹಾಗೆ, ಕೆಸರಿನ ಗೆರೆಗಳಲ್ಲಿ ಬೆಳ್ಳಿಯ ದಾರದಂತೆ ಬಂತು. ಹಕ್ಕಿಗಳು ಹೆಜ್ಜೆ ಹೆಜ್ಜೆಯಾಗಿ ನಮ್ಮ ಕಡೆಗೆ ಸರಿದವು. ಆಗ ಗಿರಿಜಾಳ ಫೋನು ಸದ್ದು ಮಾಡಿತು. ಬಸು ಕಳಿಸಿದ್ದ. ಎಲ್ಲ ಪೊಟ್ಟಣಗಳೂ ಪಾಸು. ಮೂವತ್ತೊಂಬತ್ತು ಚೀಲ ನಾಳೆ ಹಡಗು ಹತ್ತುತ್ತವೆ.

ಯಾವ ಹಡಗು ಎಂದು ಕೇಳಿದೆ. ಗಿರಿಜಾಗೂ ಗೊತ್ತಿರಲಿಲ್ಲ. ಸುಮ್ಮನೆ ಒಂದರ ಕಡೆ ಕೈ ತೋರಿಸಿದಳು. ನಾನು ಅದಕ್ಕೇ ಕೈಮುಗಿದೆ.

ಮತ್ತೆ ದಾದರ್

ಮರಳಿ ಬರುವ ರೈಲಿಗೆ ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಕುಳಿತಿದ್ದೆವು. ಶಾಂತವ್ವನೇ ಫೋನು ಮಾಡಿದಳು. ಬಸು ಸುದ್ದಿ ಹೇಳಿಬಿಟ್ಟಿದ್ದ. ಶೆಡ್ಡಿನಲ್ಲಿ ಎಲ್ಲರೂ ಸೇರಿ ಫೋನನ್ನು ದೊಡ್ಡ ದನಿಗೆ ಇಟ್ಟಿದ್ದರು. ಸಕ್ಕರೆ ಹಂಚುತ್ತಿದ್ದ ಸದ್ದು, ಮಕ್ತುಮಸಾಬನ ಕೆಮ್ಮು, ಎಲ್ಲ ಕೇಳುತ್ತಿತ್ತು.

"ನೀಲಕ್ಕಾ! ಗೆದ್ದಿ ಬಿಡವಾ! ಮತ್ತ ಅದೊಂದು ಚೀಲ ಯಾಕ ಉಳೀತು?"

ಹರಿದಿತ್ತು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಎದುರಿನ ಹಳಿಯ ಮೇಲೆ ಒಂದು ಲೋಕಲ್ ಅಬ್ಬರಿಸುತ್ತ ಬಂತು. ಆ ಗದ್ದಲದಲ್ಲಿ ಹೇಳಿಬಿಡಬಹುದಿತ್ತು. ನಾನು ಅದು ಹೋಗುವ ತನಕ ಕಾದೆ.

"ಅದರೊಳಗ ನಾ ಒಂದು ಚಿಟಿಕಿ ಕುಂಕುಮ ಹಾಕಿದ್ದೆ, ಶಾಂತವ್ವ. ನೀವ್ಯಾರೂ ನೋಡಿರಲಿಲ್ಲ. ಲ್ಯಾಬಿನ್ಯಾಗ ಸಿಕ್ಕ ಬಣ್ಣ ಅದ."

ಆ ಕಡೆ ಸಕ್ಕರೆಯ ಸದ್ದು ನಿಂತಿತು. ಗಿರಿಜಾ ನನ್ನ ಕೈ ಹಿಡಿದುಕೊಂಡಳು.

ಮೊದಲು ಬಂದದ್ದು ಕಲ್ಲವ್ವನ ದನಿ. "ನಾ ಅವತ್ತ ಅಂದಿದ್ದೆ. ಕೇಳಿದ್ರೇನು ಯಾರರೆ?"

ಯಾರೋ ಗುಜುಗುಜು ಅಂದರು. ಫೋನು ಕೈಯಿಂದ ಕೈಗೆ ಹೋದ ಹಾಗೆ ಕರಕರ ಸದ್ದಾಯಿತು. ಆಮೇಲೆ ಶಾಂತವ್ವನ ದನಿ ಬಹಳ ಹತ್ತಿರ ಬಂತು, ಬಾಯಿಗೇ ಹಿಡಿದುಕೊಂಡಿದ್ದಳು.

"ಕಲ್ಲವ್ವಾ, ಬಣ್ಣಾ ಕುಂಕುಮದಾಗ ಇತ್ತಂತ, ಕೇಳಿಲ್ಲೇನು? ನೀಲಕ್ಕಾ, ಇಲ್ನೋಡು. ಮುಂದಿನ ಮಾಲು ಹೊಂಡೂವಾಗ ಕುಂಕುಮ ಬ್ಯಾಡ. ನೀ ಬರೇ ಕೈ ಇಡು. ಅಷ್ಟ ಸಾಕು."